ಕೊಡಗಿನಿಂದ ಕಾಫಿ ಕೊಳ್ಳುವ ಕಂಪನಿ ಸಣ್ಣ ಬೆಳೆಗಾರರಿಗೆ, ಹೆಂಗಸರಿಗೆ ಹೇಗೆ ನೆರವಾಗಬಹುದು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಲ್ಲಿ ಕಾಫಿ ಪುಡಿ ಕಂಪನಿ ನಡೆಸುತ್ತಿದ್ದೀರಿ, ಕೊಡಗಿನಿಂದ ಕಾಫಿ ತರಿಸುತ್ತೀರಿ. ಇಲ್ಲಿನ ಸಣ್ಣ ಬೆಳೆಗಾರರಿಗೂ ದುಡಿಯುವ ಹೆಂಗಸರಿಗೂ ನಿಜವಾಗಿ ಉಪಯೋಗ ಆಗುವಂಥದ್ದು ಏನು ಮಾಡಬಹುದು, ತರಬೇತಿ ಶಿಬಿರ ಇಟ್ಟರೆ ಆಗುತ್ತಾ ಅಂತ ಕೇಳಿದ್ದೀರಿ.

ಶಿಬಿರ ಆಮೇಲೆ ಇಡಿ. ಮೊದಲು ನೀವು ಕಾಫಿ ಕೊಳ್ಳುವ ರೀತಿಯನ್ನೇ ನೋಡಿಕೊಳ್ಳಿ. ತೂಕ ಹಾಕುವವರು ಯಾರು, ಔಟ್‌ಟರ್ನ್ (ಒಣ ಕಾಫಿಯಲ್ಲಿ ಬೀಜ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ) ಹೇಳುವವರು ಯಾರು, ಬಿಲ್ ಯಾರ ಹೆಸರಿಗೆ, ಹಣ ಯಾವಾಗ ಬರುತ್ತೆ. ನಮ್ಮಂಥವರ ವರ್ಷದ ದುಡಿಮೆ ಉಳಿಯುವುದೋ ಹೋಗುವುದೋ ಅಲ್ಲೇ ತೀರ್ಮಾನ ಆಗುತ್ತದೆ.

ನಮ್ಮದು ಸುಂಟಿಕೊಪ್ಪದ ಹತ್ತಿರ ನಾಲ್ಕು ಎಕರೆ ತೋಟ. ರೋಬಸ್ಟಾ ಜಾಸ್ತಿ, ಮೇಲಿನ ಭಾಗದಲ್ಲಿ ಒಂದಿಷ್ಟು ಅರೇಬಿಕಾ, ಮರಗಳಿಗೆ ಹಬ್ಬಿಸಿದ ಮೆಣಸು. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗೆ ಇರುವವರೆಲ್ಲ ಸಣ್ಣ ಬೆಳೆಗಾರರೇ. ಅಂದರೆ ಸುಮಾರು 25 ಎಕರೆ ಇರುವವರೂ ನಾವೂ ಒಂದೇ ಪಟ್ಟಿ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 99ರಷ್ಟು ಈ ಪಟ್ಟಿಯಲ್ಲೇ ಬರುತ್ತವೆ. ಆದ್ದರಿಂದ ಸಣ್ಣ ಬೆಳೆಗಾರರಿಂದ ಕೊಂಡೆವು ಅಂದರೆ ಸಾಲದು. ಎಷ್ಟು ಎಕರೆಯವರಿಂದ ಕೊಂಡಿರಿ ಅಂತ ಬರೆದಿಟ್ಟುಕೊಳ್ಳಿ.

ಕಾಫಿ ಒಣಗಿಸುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಹೆಂಗಸರ ಕೆಲಸ ಕಾಣದೆ ಹೋಗುವುದು ಇಲ್ಲೇ. ಕುಯ್ದ ಹಣ್ಣನ್ನು ಕಣದಲ್ಲಿ ತೆಳುವಾಗಿ ಹರಡಬೇಕು. ಬಿಸಿಲಿರುವಷ್ಟು ಹೊತ್ತು ಗಂಟೆಗೊಮ್ಮೆ ಎಳೆದು ತಿರುವಬೇಕು. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು, ಇಲ್ಲದಿದ್ದರೆ ರಾತ್ರಿ ಇಬ್ಬನಿಗೆ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಮತ್ತೆ ಹರಡಬೇಕು. ಬಿಸಿಲು ಚೆನ್ನಾಗಿದ್ದರೆ ಹನ್ನೆರಡು-ಹದಿನೈದು ದಿನ ಇದೇ ಕೆಲಸ. ಸಿಪ್ಪೆ ಸಮೇತ ಒಣಗಿದ ಹಣ್ಣನ್ನು, ಅಂದರೆ ಚೆರ್ರಿಯನ್ನು, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಜನವರಿಯಲ್ಲಿ ಅಕಾಲ ಮಳೆ ಬಂದರೆ ನಡುರಾತ್ರಿ ಎದ್ದು ಓಡುವುದು ನಾನು ಮತ್ತು ನಮ್ಮ ಅತ್ತೆ. ಅವರಿಗೆ ಎಪ್ಪತ್ತು ದಾಟಿದೆ, ಇನ್ನೂ ಆ ಗಲಗಲ ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ನಿಮ್ಮ ಲೋಟದಲ್ಲಿರುವ ರುಚಿ ಅರ್ಧ ಈ ಕಣದಲ್ಲಿ ಆಗಿದ್ದು.

ಆದರೆ ಮಾರುವ ದಿನ ಅಂಗಡಿಗೆ ಹೋಗುವವರು ಗಂಡಸರು.

ಐದಾರು ವರ್ಷದ ಹಿಂದೆ ನಮ್ಮನೆಯವರು ಮಾವನನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದರು. ಹಣ ತುರ್ತಾಗಿ ಬೇಕಿತ್ತು. ನಾನೇ ಪಿಕಪ್ ಮಾಡಿಕೊಂಡು ಪೇಟೆಯ ಒಬ್ಬ ವ್ಯಾಪಾರಿ ಹತ್ತಿರ ಮೂಟೆ ತಗೊಂಡು ಹೋದೆ. "ಯಜಮಾನ್ರು ಬರ್ಲಿಲ್ವಾ ಅಕ್ಕಾ?" ಅಂತ ಕೇಳಿದರು. ಒಂದು ಮೂಟೆಗೆ ಕೈ ಹಾಕಿ, ಒಂದು ಕಾಳು ಹಲ್ಲಲ್ಲಿ ಕಚ್ಚಿ ನೋಡಿ, "ಇನ್ನೂ ಹಸಿ ಇದೆ, ಔಟ್‌ಟರ್ನ್ 26 ಹಾಕ್ತೀನಿ" ಅಂದರು. ಚೆನ್ನಾಗಿ ಒಣಗಿದೆ ಅಂತ ನನಗೆ ಗೊತ್ತಿತ್ತು. ತೋರಿಸುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಒಪ್ಪಿಕೊಂಡು ಬಂದೆ. ಮನೆಯಲ್ಲಿ ಅದೇ ಕಣದ ಐದು ಮೂಟೆ ಕಟ್ಟಿಟ್ಟಿದ್ದು ಉಳಿದಿತ್ತು. ವಾರ ಬಿಟ್ಟು ನಮ್ಮನೆಯವರು ಅದೇ ಅಂಗಡಿಗೆ ತಗೊಂಡು ಹೋದರು. 28 ಬಂತು.

ಈ ಎರಡು ಪಾಯಿಂಟ್ ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. 50 ಕೆಜಿ ಒಣ ಚೆರ್ರಿಯ ಸಿಪ್ಪೆ ತೆಗೆಸಿದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಔಟ್‌ಟರ್ನ್, ನಾವು ಓಟಿ ಅನ್ನುತ್ತೇವೆ. ಪೇಟೆಯಲ್ಲಿ ರೇಟು ಹೇಳುವುದೇ ಒಂದು ಪಾಯಿಂಟಿಗೆ ಇಷ್ಟು ಅಂತ. ಲೆಕ್ಕಕ್ಕೆ ಪಾಯಿಂಟಿಗೆ 350 ರೂಪಾಯಿ ಅಂತ ಇಟ್ಟುಕೊಳ್ಳಿ. ಎರಡು ಪಾಯಿಂಟ್ ಹೋದರೆ ಮೂಟೆಗೆ 700. ನಮ್ಮಂಥವರ 40 ಮೂಟೆಗೆ 28,000. ನಮ್ಮ ಮನೆಯಲ್ಲಿ ಆ ಹಣಕ್ಕೆ ವರ್ಷದ ಗೊಬ್ಬರದ ಖರ್ಚಿನಲ್ಲಿ ದೊಡ್ಡ ಪಾಲು ಮುಗಿಯುತ್ತದೆ.

ಹಿಂದೆ ಹೀಗಿರಲಿಲ್ಲ, ಬೇರೆ ತರ ಕಷ್ಟ ಇತ್ತು ಅಂತ ಅತ್ತೆ ಹೇಳುತ್ತಾರೆ. ಆಗ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೇ ಕೊಡಬೇಕಿತ್ತು, ಎಲ್ಲರದ್ದೂ ಒಟ್ಟು ಸೇರಿಸಿ ಮಂಡಳಿಯೇ ಮಾರುತ್ತಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು, ಕಾದು ಕಾದು ಸಾಕಾಗುತ್ತಿತ್ತು. 1996ರ ಹೊತ್ತಿಗೆ ಪೂಲಿಂಗ್ ಪೂರ್ತಿ ನಿಂತು, ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಬಂತು. ಒಳ್ಳೆಯದೇ ಆಯಿತು. ಆದರೆ ನಾಲ್ಕು ಎಕರೆಯವರು ತಕ್ಕಡಿ ಮುಂದೆ ಒಂಟಿಯಾಗಿ ನಿಲ್ಲುವ ಹಾಗೂ ಆಯಿತು.

ನೀವು ಇದನ್ನು ಕಡಿಮೆ ಖರ್ಚಿನಲ್ಲಿ ಸರಿ ಮಾಡಬಹುದು. ಕೊಳ್ಳುವ ಜಾಗದಲ್ಲಿ ಮಾಯಿಶ್ಚರ್ ಮೀಟರನ್ನು ಮಾರುವವರ ಕಡೆ ತಿರುಗಿಸಿ ಇಡಿ. ರೋಬಸ್ಟಾ ಚೆರ್ರಿಗೆ ತೇವ 11 ಪರ್ಸೆಂಟ್ ಇರಬೇಕು, ಮೀಟರ್ ಎಷ್ಟು ತೋರಿಸುತ್ತೆ ಅಂತ ಅವರೇ ನೋಡಲಿ. ಎಲ್ಲ ಮೂಟೆಯಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ ಸ್ಯಾಂಪಲ್ ಮಾಡಿ. ಅವರೆದುರಿಗೇ ಸಿಪ್ಪೆ ತೆಗೆಸಿ ತೂಗಿ. ತೇವ, ಓಟಿ, ಆ ದಿನದ ರೇಟು, ಏನಾದರೂ ಕಡಿತ ಮಾಡಿದ್ದರೆ ಯಾಕೆ ಅನ್ನುವುದು, ಎಲ್ಲವನ್ನೂ ಕನ್ನಡದಲ್ಲಿ ಚೀಟಿ ಬರೆದು ಕೊಡಿ. ಅದೇ ಸ್ಯಾಂಪಲ್ಲಿನ ಒಂದು ಪೊಟ್ಟಣ ಸೀಲ್ ಮಾಡಿ ಅವರಿಗೂ ಕೊಡಿ. ಹೆಂಗಸು ಒಬ್ಬಳೇ ಬಂದರೂ, ಮಾತು ಬಾರದ ಮುದುಕರು ಬಂದರೂ ಮೀಟರ್ ಒಂದೇ ಸಂಖ್ಯೆ ತೋರಿಸುತ್ತೆ ಅಲ್ವಾ. ನನಗೆ ಆ ದಿನ ಬೇಕಾಗಿದ್ದದ್ದು ಅಷ್ಟೇ.

ಇನ್ನು ಬಿಲ್. ಕೊಡಗಿನಲ್ಲಿ ಎಷ್ಟೋ ಜಮೀನಿನ ಆರ್‌ಟಿಸಿ, ಅಂದರೆ ಪಹಣಿ, ಇನ್ನೂ ಹಳೆಯ ತಲೆಮಾರಿನವರ ಹೆಸರಿನಲ್ಲೇ ಇದೆ. ಜಮ್ಮಾ ಬಾಣೆ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆದರಂತೂ ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೇದಾರರ ಹೆಸರು ಮೊದಲು, ಉಳಿದವರು ಆಮೇಲೆ. ನಮ್ಮದರಲ್ಲಿ ಮಾವನ ಹೆಸರು. ಹೆಂಗಸಿನ ಹೆಸರು ಇರುವ ಪಹಣಿ ನಮ್ಮ ಸುತ್ತಮುತ್ತ ಕಡಿಮೆ. ಪಹಣಿ ಇಲ್ಲದಿದ್ದರೆ ಸಾಲಕ್ಕೂ ಸಹಾಯಧನಕ್ಕೂ ತೊಂದರೆ. ಅದನ್ನು ನೀವು ಸರಿ ಮಾಡಲು ಆಗುವುದಿಲ್ಲ. ಆದರೆ ಹಣವನ್ನು ಯಾರ ಖಾತೆಗೆ ಹಾಕುವುದು ಅನ್ನುವುದು ನಿಮ್ಮ ಕೈಯಲ್ಲೇ ಇದೆ.

ನನ್ನ ಸಲಹೆ ಇದು. ಮಾರುಕಟ್ಟೆ ರೇಟಿಗಿಂತ ಮೇಲೆ ಗುಣಮಟ್ಟಕ್ಕೆ ಅಂತ ನೀವು ಕೊಡುವ ಹಣವನ್ನು ಬೇರೆ ಮಾಡಿ, ಕಣ ನೋಡಿಕೊಂಡವರ ಖಾತೆಗೆ ನೇರ ಹಾಕಿ. ಕಾಫಿಯ ಹಣ ಮನೆಯ ಖಾತೆಗೇ ಹೋಗಲಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆ ಹೆಚ್ಚಿನ ಹಣ ಒಣಗಿಸಿದ, ಕರಿ ಕಾಳು ಹೆಕ್ಕಿದ ಕೈಗೆ ಸೇರಬೇಕಾದದ್ದು. ಗುಟ್ಟಾಗಿ ಮಾತ್ರ ಮಾಡಬೇಡಿ, ಮನೆಯಲ್ಲಿ ಜಗಳ ಆಗುತ್ತದೆ. ಮೊದಲೇ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ. ನಮ್ಮನೆಯವರಿಗೆ ಈ ಮಾತು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡು, ರಾತ್ರಿ ಏಳೋದು ನೀನೇ ಅಲ್ವಾ" ಅಂದರು.

ಹಣ ಸಿಗುವ ಹೊತ್ತು ಇನ್ನೊಂದು ವಿಷಯ. ಕಾಫಿ ಹಣ ಬರುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮೆಣಸಿನದೂ ಸೇರಿ. ಖರ್ಚು ಬರುವುದು ಮಳೆಗಾಲದಲ್ಲಿ. ಜೂನ್‌ನಲ್ಲಿ ಮಕ್ಕಳ ಫೀಸು, ಕಳೆ ಹೊಡೆಸುವುದು, ಗೊಬ್ಬರ, ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣದ ಸಿಂಪಡಣೆ. ಆಗ ವ್ಯಾಪಾರಿಯಿಂದ ಮುಂಗಡ ತಗೊಳ್ಳುತ್ತೇವೆ. ಮುಂಗಡ ಕೊಟ್ಟವರಿಗೇ ಕಾಫಿ, ಅವರು ಹೇಳಿದ ರೇಟು. ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಹಣ ಕೊಟ್ಟವರಿದ್ದಾರೆ. ನೀವು ಅವರ ಜಾಗಕ್ಕೆ ಬರಬೇಕು ಅಂದರೆ ಮಳೆಗಾಲದಲ್ಲೇ ಬರಬೇಕು. ನಿರೀಕ್ಷೆ ಇರುವ ಬೆಳೆಯ ಮೂರರಲ್ಲಿ ಒಂದು ಭಾಗ ಬಡ್ಡಿ ಇಲ್ಲದೆ ಮುಂಗಡ ಕೊಡಿ, ಬೆಲೆಯನ್ನು ಆಗಲೇ ಕಟ್ಟಿ ಹಾಕಬೇಡಿ. ಮಾರುವ ದಿನದ ಪೇಟೆ ರೇಟಿನ ಮೇಲೆ ಇಷ್ಟು ಅಂತ ಬರೆದುಕೊಡಿ. ಮೂರು ವರ್ಷಕ್ಕಾದರೂ ಬರೆದುಕೊಡಿ. ಹೊಸ ಗಿಡ ನೆಟ್ಟರೆ ಬೆಳೆ ಕೈಗೆ ಬರಲು ಮೂರು-ನಾಲ್ಕು ವರ್ಷ ಬೇಕು. ಒಂದು ವರ್ಷ ಕೊಂಡು ಮರುವರ್ಷ ಫೋನ್ ಎತ್ತದವರನ್ನು ನಂಬಿ ಯಾರು ಗಿಡ ಬದಲಾಯಿಸುತ್ತಾರೆ?

ಈಗ ನಮ್ಮ ತೋಟಕ್ಕೆ ಕುಯ್ಲಿಗೆ ಬರುವ ಹೆಂಗಸರ ಮಾತು. ನಿಮ್ಮಂಥವರ ಪ್ರಶ್ನೆಯಲ್ಲಿ ಹೆಂಗಸರು ಅಂದರೆ ನನ್ನಂಥವರು ಮಾತ್ರ ಬಂದುಬಿಡುತ್ತಾರೆ. ಎರವ, ಕುರುಬ ಬುಡಕಟ್ಟಿನ ಹೆಂಗಸರು, ದೊಡ್ಡ ತೋಟದ ಲೈನ್‌ಮನೆಯ (ಕೂಲಿಯವರ ಸಾಲುಮನೆಯ) ಹೆಂಗಸರು, ಈಗ ಅಸ್ಸಾಂ ಕಡೆಯಿಂದ ಬಂದವರು, ಇವರೆಲ್ಲ ನಮಗಿಂತ ಕೆಳಗಿನ ಮೆಟ್ಟಿಲಲ್ಲಿ ಇದ್ದಾರೆ.

ಹೋದ ವರ್ಷ ಒಂದು ಕಂಪನಿಯವರು ಬಂದು ಕೆಂಪು ಹಣ್ಣು ಮಾತ್ರ ಬೇಕು, ಕಾಯಿ ಬೇಡ ಅಂದರು. ನನಗೆ ಕೆಜಿಗೆ ಜಾಸ್ತಿ ಕೊಡುತ್ತೇವೆ ಅಂದರು. ಸಂತೋಷ ಆಯಿತು. ನಮ್ಮಲ್ಲಿ ವರ್ಷಗಟ್ಟಲೆ ಬರುವ ಒಬ್ಬಾಕೆ ಕೇಳಿದಳು, "ಅಕ್ಕಾ, ಹಣ್ಣು ಆರಿಸಿ ಕುಯ್ದ್ರೆ ಸಂಜೆಗೆ ನಂಗೆ ಎಷ್ಟು ತೂಕ ಬರುತ್ತೆ?" ಕುಯ್ಲಿನ ಕೂಲಿ ಕೆಜಿ ಲೆಕ್ಕ. ರೆಂಬೆ ಪೂರ್ತಿ ಎಳೆದರೆ ದಿನಕ್ಕೆ 100 ಕೆಜಿ ಆಗುವವಳಿಗೆ ಆರಿಸಿ ಕುಯ್ದರೆ 50-60. ಅಂದರೆ ನನಗೆ ಬರುವ ಹೆಚ್ಚಿನ ದುಡ್ಡನ್ನು ಅವಳ ಕೂಲಿಯಿಂದ ತೆಗೆದ ಹಾಗೆ. ನಾನು ಕೆಜಿ ರೇಟು ಹೆಚ್ಚು ಕಡಿಮೆ ದುಪ್ಪಟ್ಟು ಮಾಡಿದೆ. ಮಾಡಿದ ಮೇಲೆ ಕಂಪನಿ ಕೊಟ್ಟ ಹೆಚ್ಚುವರಿಯಲ್ಲಿ ನನಗೆ ಉಳಿದದ್ದು ಸ್ವಲ್ಪವೇ. ಕೆಂಪು ಹಣ್ಣು ಬೇಕು ಅನ್ನುವ ಕಂಪನಿ ಆರಿಸುವ ಕೂಲಿಯನ್ನು ಬೇರೆಯಾಗಿ ಲೆಕ್ಕ ಹಾಕಿ ಕೊಡಬೇಕು. ಇದನ್ನು ದಯವಿಟ್ಟು ನಿಮ್ಮ ಬೆಲೆ ಪಟ್ಟಿಯಲ್ಲೇ ಸೇರಿಸಿ.

1951ರ ತೋಟ ಕಾರ್ಮಿಕರ ಕಾಯ್ದೆ ಬಂದಾಗ ಶಿಶುವಿಹಾರ, ಮನೆ, ಆಸ್ಪತ್ರೆ ಅಂತೆಲ್ಲ ಬರೆದರು. ಆದರೆ ನಮ್ಮಷ್ಟು ಸಣ್ಣ ತೋಟ ಅದರ ಲೆಕ್ಕಕ್ಕೆ ಬರಲಿಲ್ಲ. ನಮ್ಮಂಥ ತೋಟಕ್ಕೆ ಬರುವ ತಾಯಂದಿರು ಕೂಸನ್ನು ಕಾಫಿ ಗಿಡದ ಕೆಳಗೆ ಗೋಣಿ ಹಾಸಿ ಮಲಗಿಸುತ್ತಾರೆ. ಇರುವೆ, ಹಾವು, ಎಲ್ಲದರ ಭಯ. ನಾಲ್ಕು ಎಕರೆಯವಳು ಒಬ್ಬಳೇ ಶಿಶುವಿಹಾರ ನಡೆಸಲು ಆಗುತ್ತಾ? ಆದರೆ ನೀವು ಒಂದೇ ಊರಿನ ಹದಿನೈದು-ಇಪ್ಪತ್ತು ಮನೆಯಿಂದ ಕೊಳ್ಳುವುದಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಊರಿಗೆ ಒಂದು ಮಾಡಬಹುದು. ಊರಿನ ಸ್ವಸಹಾಯ ಸಂಘದವರಿಗೆ ವಹಿಸಿ, ಸಂಬಳ ನೀವು ಕೊಡಿ. ಸಿದ್ದಾಪುರ, ಅಮ್ಮತ್ತಿ ಕಡೆಯಿಂದ ಕೊಳ್ಳುತ್ತಿದ್ದರೆ ಜೀಪಿನ ಬಾಡಿಗೆಯನ್ನೂ ಲೆಕ್ಕಕ್ಕೆ ಹಾಕಿ. ಅಲ್ಲಿ ಆನೆ ತೋಟದೊಳಗೇ ಇರುತ್ತದೆ. ಬೆಳಿಗ್ಗೆ ಮಂಜಿನಲ್ಲಿ ಹೆಂಗಸರು ನಡೆದುಕೊಂಡು ಕೆಲಸಕ್ಕೆ ಹೋಗುವುದು ಪ್ರಾಣದ ಪ್ರಶ್ನೆ.

ಯುರೋಪಿಗೆ ಕಳಿಸುವ ಯೋಚನೆ ಇದ್ದರೆ ಕಾಡು ಕಡಿದಿಲ್ಲ ಅನ್ನುವ ದಾಖಲೆ ಕೇಳುತ್ತಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಆಗಬಾರದು ಅಂತ ಅವರ ನಿಯಮ. ಇದಕ್ಕೆ ಬೆಳೆಗಾರರ ಹತ್ತಿರ ದುಡ್ಡು ಕೇಳಬೇಡಿ. 4 ಹೆಕ್ಟೇರ್‌ಗಿಂತ ಚಿಕ್ಕ ಜಮೀನಿಗೆ ಸುತ್ತಲಿನ ಗಡಿ ಪೂರ್ತಿ ಗುರುತಿಸಬೇಕಾಗಿಲ್ಲ, ನಕ್ಷೆಯ ಮೇಲೆ ಒಂದು ಬಿಂದು ಸಾಕು. ನಿಮ್ಮ ಹುಡುಗರು ಫೋನ್ ಹಿಡಿದು ಬಂದರೆ ಹತ್ತು ನಿಮಿಷದ ಕೆಲಸ.

ತರಬೇತಿ ಬೇಡವೇ ಬೇಡ ಅಂತಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ತಿಳಿದವರು ಇದ್ದಾರೆ. ಅವರನ್ನು ಕರೆಸಿ. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಊರಲ್ಲೇ ಇಡಿ. ಮಡಿಕೇರಿ ಹೋಟೆಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರೆ ಬರುವವರು ಮತ್ತೆ ಗಂಡಸರೇ.

ಜನವರಿ ಕೊನೆಗೆ ಬರುವುದಾದರೆ ಬನ್ನಿ, ಆಗ ರೋಬಸ್ಟಾ ಕಣದಲ್ಲಿರುತ್ತದೆ. ಬರುವಾಗ ಮೀಟರ್ ತನ್ನಿ. ಅತ್ತೆ ಅಲ್ಲಾಡಿಸಿ ಹೇಳಿದ್ದಕ್ಕೂ ಅದು ತೋರಿಸುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಬೇಕು ಅಂತ ನನಗೂ ಬಹಳ ದಿನದಿಂದ ಆಸೆ ಇದೆ.