ಕಟ್ಟದೆ ಬಿಟ್ಟ ಹೆದ್ದಾರಿಗಳ ಋಣ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ಟೊರಾಂಟೊ ಸುತ್ತಮುತ್ತಲಿನ ಹೊಸ ಹೆದ್ದಾರಿಗಳನ್ನು ನೀವು ‘ಡಾಂಬರಿನ ಹುಚ್ಚು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ. ನಾನು ಬ್ರಾಂಪ್ಟನ್ನಿನಲ್ಲಿ ಮನೆ ಮಾಡಿಕೊಂಡು ವಾನ್ ನಗರಕ್ಕೆ ಕೆಲಸಕ್ಕೆ ಹೋಗುವವನು. 413ನೇ ಹೆದ್ದಾರಿ ಬಂದರೆ ನನ್ನಂಥವರು ಬದುಕಿಕೊಳ್ಳುತ್ತೇವೆ. ವಿರೋಧಿಸುವವರೆಲ್ಲ ಮನೆಯ ಮುಂದೆ ಮೆಟ್ರೊ ನಿಲ್ಲುವ ಟೊರಾಂಟೊ ಪೇಟೆಯವರು. ಬೆಂಗಳೂರಿನಲ್ಲಿ ಕುಳಿತು ಬೋಧನೆ ಮಾಡುವ ಬದಲು ಒಮ್ಮೆ ಬಂದು 401ನೇ ಹೆದ್ದಾರಿಯ ಅಗಲ ನೋಡಿ. ರಸ್ತೆ ಮಾಡುವುದು ಹೇಗೆಂದು ಬೆಂಗಳೂರು ಕಲಿಯಲಿ. (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸಿಟ್ಟು ಬಂದಾಗ ನಮ್ಮ ಓದುಗರ ಕನ್ನಡ ಎಷ್ಟು ಚೊಕ್ಕವಾಗುತ್ತದೆ ಎಂಬುದಕ್ಕೆ ಅದು ಮಾದರಿ. ಅರ್ಧ ಪುಟದಲ್ಲಿ ಮುಗಿಯಬೇಕಿದ್ದ ಉತ್ತರ ಹೀಗೆ ಉದ್ದವಾಗಿದ್ದರೆ ಅದಕ್ಕೆ ನೀವೇ ಹೊಣೆ. ನನ್ನ ಹಳೆಯ ಹುಣ್ಣನ್ನೇ ಹುಡುಕಿ ಕೆರೆದಿದ್ದೀರಿ.

ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಬ್ರಾಂಪ್ಟನ್, ಮಿಸ್ಸಿಸಾಗಗಳ ಸುತ್ತ ಗೋದಾಮುಗಳ ಸಾಲೇ ಇದೆ. ಟ್ರಕ್ಕನ್ನು ಮೆಟ್ರೊದೊಳಗೆ ಹತ್ತಿಸಲು ಬರುವುದಿಲ್ಲ. ಜನವರಿಯ ಹಿಮದಲ್ಲಿ ಬಸ್ಸಿಗೆ ಕಾಯುವವನ ಕಷ್ಟ ಬೆಂಗಳೂರಿನವನಿಗೆ ತಿಳಿಯದು ಎಂದರೆ ಅದನ್ನೂ ಒಪ್ಪುತ್ತೇನೆ. 413ರ ಈ ತುದಿಯಿಂದ ಆ ತುದಿಗೆ ಹೋಗುವವನಿಗೆ ಅರ್ಧ ಗಂಟೆ ಉಳಿಯುತ್ತದೆ ಎಂದು ಒಂಟಾರಿಯೊ ಸರ್ಕಾರ ಹೇಳುತ್ತಿದೆ. ನೀವು ಹಾಗೆ ಹೋಗುವವರೇ ಆಗಿದ್ದರೆ ಆ ಅರ್ಧ ಗಂಟೆಯನ್ನು ನಾನು ಕಸಿದುಕೊಳ್ಳುವುದಿಲ್ಲ. ಆಯಿತಲ್ಲ, ಇನ್ನು ನನ್ನ ಸರದಿ.

401ರ ಅಗಲ ನೋಡಿ ಎಂದಿರಿ. ಪಿಯರ್ಸನ್ ವಿಮಾನ ನಿಲ್ದಾಣದ ಹತ್ತಿರ ಅದು 18 ಪಥಗಳಷ್ಟು ಅಗಲವಾಗುತ್ತದೆ. ನಡುವೆ ದೂರ ಹೋಗುವವರ ಪಥಗಳು, ಅಂಚಿನಲ್ಲಿ ಹತ್ತಿ ಇಳಿಯುವವರ ಪಥಗಳು, ಯಾವುದಕ್ಕೆ ಸೇರಬೇಕೆಂದು ತಲೆಯ ಮೇಲೆ ಫಲಕಗಳು. ಹೊಸಬನು ಫಲಕ ಓದಿ ಮುಗಿಸುವಷ್ಟರಲ್ಲಿ ತಾನು ಇಳಿಯಬೇಕಾದ ಜಾಗ ಹಿಂದೆ ಉಳಿದಿರುತ್ತದೆ. ಈ ರಸ್ತೆ 1950ರ ದಶಕದಲ್ಲಿ ಊರ ಹೊರಗಿನ ಹೊಲಗಳ ನಡುವೆ ಹುಟ್ಟಿದಾಗ ಅದಕ್ಕೆ ಇದ್ದದ್ದು ನಾಲ್ಕೇ ಪಥ, ಊರೊಳಗೆ ಬರದೆ ಆಚೆಯಿಂದಲೇ ದಾಟಿಹೋಗುವವರಿಗೆ. ಹತ್ತು ವರ್ಷ ತುಂಬುವ ಮೊದಲೇ ಸಾಲದಾಯಿತು. 1963ರಿಂದ ಅದನ್ನು 12 ಪಥಕ್ಕೆ ಹಿಗ್ಗಿಸಲು ತೊಡಗಿದರು, ಆಮೇಲೂ ಹಿಗ್ಗಿಸಿದರು. ಈಗ ಅತಿ ಗಿಜಿಗುಡುವ ಭಾಗದಲ್ಲಿ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ವಾಹನಗಳು ಓಡುತ್ತವೆ. ಇಷ್ಟಾದ ಮೇಲೆ ಏನಾಯಿತು? 2024ರ ಸೆಪ್ಟೆಂಬರಿನಲ್ಲಿ ಪ್ರೀಮಿಯರ್ (ಪ್ರಾಂತದ ಮುಖ್ಯಮಂತ್ರಿ) ಡಗ್ ಫೋರ್ಡ್ ಅವರು ಇದೇ 401ರ ಕೆಳಗೆ 50 ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯುವ ಯೋಚನೆಯನ್ನು ಮುಂದಿಟ್ಟರು. ಅಗಲ ಮಾಡುವುದೇ ಮದ್ದಾಗಿದ್ದರೆ 18 ಪಥದ ರಸ್ತೆಯ ಹೊಟ್ಟೆಯೊಳಗೆ ಇನ್ನೊಂದು ರಸ್ತೆ ಏಕೆ ಬೇಕು ಸ್ವಾಮಿ?

ಇದಕ್ಕೆ ಶಾಸ್ತ್ರಾಧಾರವೂ ಇದೆ, ಅದೂ ನಿಮ್ಮ ಪಕ್ಕದ ಟೊರಾಂಟೊ ವಿಶ್ವವಿದ್ಯಾಲಯದಿಂದಲೇ ಬಂದದ್ದು. ಅಲ್ಲಿದ್ದ ಅರ್ಥಶಾಸ್ತ್ರಜ್ಞರಾದ ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ಹಾಕಿ ತೋರಿಸಿದರು: ಹೆದ್ದಾರಿ ಎಷ್ಟು ಬೆಳೆಯುತ್ತದೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ಖಾಲಿ ರಸ್ತೆ ಕಂಡವನು ಇನ್ನಷ್ಟು ದೂರ ಮನೆ ಮಾಡುತ್ತಾನೆ, ಬಸ್ಸಿನಲ್ಲಿ ಹೋಗುತ್ತಿದ್ದವನು ಕಾರು ತೆಗೆಯುತ್ತಾನೆ, ಸರಕಿನವನು ಗೋದಾಮನ್ನು ಊರಾಚೆಗೆ ಸಾಗಿಸುತ್ತಾನೆ. ಅದೇ ಪ್ರಬಂಧವು ಬಸ್ಸು ಹೆಚ್ಚಿಸಿದರೂ ವಾಹನಗಳ ಓಡಾಟ ಇಳಿಯದು ಎನ್ನುತ್ತದೆ. ನೀವು ಹುಡುಕಿ ತೆಗೆದು ಮುಖಕ್ಕೆ ಹಿಡಿಯುವ ಮೊದಲೇ ನಾನೇ ಹೇಳಿಬಿಟ್ಟೆ. ಇಳಿಯದಿದ್ದರೆ ಬೇಡ. ರೈಲಿನಲ್ಲಿ ಕುಳಿತವನಿಗೆ ಆ ದಟ್ಟಣೆಯ ಹಂಗಿಲ್ಲ, ಅಷ್ಟು ಸಾಕು ನನಗೆ.

ನಿಮ್ಮ 413ರ ಜಾತಕವನ್ನೂ ನೋಡೋಣ. ಸುಮಾರು 52 ಕಿಲೋಮೀಟರ್ ಉದ್ದ. ಕ್ಯಾಲಿಡನ್ನಿನ ಹೊಲಗಳನ್ನೂ ಸಂರಕ್ಷಿತ ಹಸಿರು ಪಟ್ಟಿಯನ್ನೂ ಸೀಳಿಕೊಂಡು ಹೋಗುವ ದಾರಿ. ಒಂಟಾರಿಯೊದ ಹಿಂದಿನ ಲಿಬರಲ್ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ, ಇಡೀ ಪ್ರದೇಶದ ಪ್ರಯಾಣಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದರೆ ಉಳಿಯುವುದು 30ರಿಂದ 60 ಸೆಕೆಂಡು ಎಂದು ಹೇಳಿತು. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸವೆಂದು ತಿಳಿದು ಆ ಸರ್ಕಾರ 2018ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷ ಸರ್ಕಾರ ಬದಲಾಯಿತು, ಸತ್ತ ರಸ್ತೆ ಎದ್ದು ಕುಳಿತಿತು. 2021ರಲ್ಲಿ ಒಟ್ಟಾವಾದ ಕೇಂದ್ರ ಸರ್ಕಾರ ಪರಿಸರ ಪರಿಶೀಲನೆಗೆ ಹಿಡಿದು ನಿಲ್ಲಿಸಿತು, 2024ರಲ್ಲಿ ಬಿಟ್ಟುಕೊಟ್ಟಿತು. 2025ರಲ್ಲಿ ಕೆಲಸ ಆರಂಭವಾಗಿದೆ. ನಿಮ್ಮ ಅರ್ಧ ಗಂಟೆಯೂ ಸುಳ್ಳಲ್ಲ, ಸಮಿತಿಯ ಅರ್ಧ ನಿಮಿಷವೂ ಸುಳ್ಳಲ್ಲ; ಒಂದು ಪೂರ್ತಿ ರಸ್ತೆಯನ್ನು ಓಡುವವನದು, ಇನ್ನೊಂದು ಊರಿನದು. ಖರ್ಚು ಮಾತ್ರ ಊರಿನದೇ.

ಪಕ್ಕದಲ್ಲೇ ಸುಂಕದ ಹೆದ್ದಾರಿ 407 ಇಲ್ಲವೇ? 1999ರಲ್ಲಿ ಒಂಟಾರಿಯೊದ ಮೈಕ್ ಹ್ಯಾರಿಸ್ ಸರ್ಕಾರ ಅದನ್ನು 3.1 ಬಿಲಿಯನ್ ಡಾಲರಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಂಡಿತು. ಸುಂಕಕ್ಕೆ ಹೆದರಿ ನೀವೆಲ್ಲ 401ರಲ್ಲಿ ತೆವಳುತ್ತೀರಿ. ಟ್ರಕ್‌ಗಳನ್ನು 407ಕ್ಕೆ ಕಳುಹಿಸಿ ಅವುಗಳ ಸುಂಕವನ್ನು ಸರ್ಕಾರವೇ ಕಟ್ಟಲಿ, ಹೊಸ ಹೆದ್ದಾರಿಗಿಂತ ಅಗ್ಗವಾಗುತ್ತದೆ ಎಂದು ಹೇಳುವವರಿದ್ದಾರೆ. ಕೇಳುವವರು ಯಾರು? ಸುಂಕ ಕಟ್ಟುವುದಕ್ಕೆ ಶಂಕುಸ್ಥಾಪನೆ ಇರುವುದಿಲ್ಲ.

ಈಗ ನನ್ನ ನಂಬಿಕೆಗೆ ಬರುತ್ತೇನೆ. ಕೆನಡಾದ ನಗರಗಳಲ್ಲಿ ಪ್ರವಾಸಿಗಳು ಹುಡುಕಿಕೊಂಡು ಹೋಗುವ ಎಷ್ಟೋ ಬೀದಿಗಳು ಉಳಿದಿರುವುದು ಕಟ್ಟದೆ ಬಿಟ್ಟ ಹೆದ್ದಾರಿಗಳಿಂದ. ಟೊರಾಂಟೊದ ಸ್ಪಾಡೈನಾ ಎಕ್ಸ್‌ಪ್ರೆಸ್‌ವೇ ಕಥೆ ನಿಮಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. 1960ರ ದಶಕದಲ್ಲಿ ಉತ್ತರದಿಂದ ಪೇಟೆಯ ನಡುವಿನವರೆಗೆ ಒಂದು ಹೆದ್ದಾರಿಯನ್ನು ಇಳಿಸುವ ಯೋಜನೆಯಿತ್ತು. ಅಗೆತ ಎಗ್ಲಿಂಟನ್ ರಸ್ತೆಯವರೆಗೆ ಬಂದೂ ಆಗಿತ್ತು. ದಾರಿಯಲ್ಲಿದ್ದ ಬಡಾವಣೆಗಳ ಜನ ತಿರುಗಿಬಿದ್ದರು. ನ್ಯೂಯಾರ್ಕಿನಲ್ಲಿ ಇಂಥದ್ದೇ ಹೆದ್ದಾರಿಯ ವಿರುದ್ಧ ಹೋರಾಡಿದ್ದ ಜೇನ್ ಜೇಕಬ್ಸ್ ಅವರು, ಮಕ್ಕಳನ್ನು ವಿಯೆಟ್ನಾಂ ಯುದ್ಧಕ್ಕೆ ಕಳುಹಿಸಲು ಒಲ್ಲದೆ 1968ರಲ್ಲಿ ಟೊರಾಂಟೊಗೆ ಬಂದರೆ, ಇಲ್ಲಿಯೂ ಅದೇ ಜಗಳ ಅವರಿಗಾಗಿ ಕಾದಿತ್ತು. 1971ರ ಜೂನ್ 3ರಂದು ಪ್ರೀಮಿಯರ್ ಬಿಲ್ ಡೇವಿಸ್ ಶಾಸನಸಭೆಯಲ್ಲಿ ಎದ್ದು ನಿಂತರು. ಕಾರಿಗಾಗಿ ಸಾರಿಗೆ ಕಟ್ಟುವುದಾದರೆ ಸ್ಪಾಡೈನಾದಿಂದ ಆರಂಭಿಸುವುದು ಒಳ್ಳೆಯದು, ಜನರಿಗಾಗಿ ಕಟ್ಟುವುದಾದರೆ ಅಲ್ಲೇ ನಿಲ್ಲಿಸುವುದು ಒಳ್ಳೆಯದು ಎಂದು ಹೇಳಿ ಯೋಜನೆಯನ್ನು ಮುಗಿಸಿಬಿಟ್ಟರು. ಡೇವಿಸ್ ಯಾವ ಪಕ್ಷದವರು ಬಲ್ಲಿರಾ? ಇಂದು 413 ಕಟ್ಟುತ್ತಿರುವ ಅದೇ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷ. ಯಾವ ಊರಿನವರು? ನಿಮ್ಮ ಬ್ರಾಂಪ್ಟನ್ನಿನವರೇ!

ಉಳಿದ ತುಂಡು ಈಗ ಆಲೆನ್ ರಸ್ತೆ. ಒಮ್ಮೆ ಸಂಜೆ ಅದರಲ್ಲಿ ದಕ್ಷಿಣಕ್ಕೆ ಹೋಗಿ ನೋಡಿ. ಹೆದ್ದಾರಿಯ ಗತ್ತಿನಲ್ಲಿ ಓಡುತ್ತ ಬಂದ ರಸ್ತೆ ಎಗ್ಲಿಂಟನ್ನಿನ ಸಿಗ್ನಲ್ ದೀಪದ ಮುಂದೆ ಥಟ್ಟನೆ ಮುಗಿದುಹೋಗುತ್ತದೆ. ಕಾರುಗಳು ಹಿಂದಕ್ಕೆ ಸಾಲುಗಟ್ಟುತ್ತವೆ. ಅದೇ ರಸ್ತೆಯ ನಟ್ಟನಡುವೆ, 1978ರಲ್ಲಿ ಹಾಕಿದ ಹಳಿಗಳ ಮೇಲೆ, ಮೆಟ್ರೊ ರೈಲು ಆ ಸಾಲಿನತ್ತ ತಿರುಗಿಯೂ ನೋಡದೆ ಪೇಟೆಗೆ ಹೋಗುತ್ತದೆ. ಮುಂದೆ ಯಾವನಾದರೂ ಬಂದು ರಸ್ತೆ ಬೆಳೆಸಿಯಾನು ಎಂಬ ಅನುಮಾನ ಡೇವಿಸ್ ಅವರಿಗೆ ಇದ್ದೇ ಇತ್ತು. ಅಧಿಕಾರ ಬಿಡುವ ಹೊತ್ತಿಗೆ, 1985ರಲ್ಲಿ, ಎಗ್ಲಿಂಟನ್ನಿನ ದಕ್ಷಿಣಕ್ಕೆ ಮೂರೇ ಅಡಿ ಅಗಲದ ಒಂದು ನೆಲದ ಪಟ್ಟಿಯನ್ನು ಟೊರಾಂಟೊ ನಗರಕ್ಕೆ 99 ವರ್ಷಗಳ ಗುತ್ತಿಗೆ ಬರೆದುಕೊಟ್ಟು ದಾರಿಗೆ ಅಗುಳಿ ಹಾಕಿದರು. ಒಂದೇ ಪಕ್ಷ ಕೊಟ್ಟ ಎರಡು 99 ವರ್ಷಗಳ ಗುತ್ತಿಗೆಗಳನ್ನು, 407ರದನ್ನೂ ಇದನ್ನೂ, ಪಕ್ಕಪಕ್ಕ ಇಟ್ಟು ನೋಡಿ. ನನಗೆ ಮೂರಡಿಯದೇ ದೊಡ್ಡದಾಗಿ ಕಾಣುತ್ತದೆ.

ಪಶ್ಚಿಮ ತುದಿಯ ವ್ಯಾಂಕೂವರ್‌ನಲ್ಲೂ ಇದೇ. 1967ರಲ್ಲಿ ಚೈನಾಟೌನ್ ಮತ್ತು ಸ್ಟ್ರಾತ್‌ಕೋನಾ ಬಡಾವಣೆಗಳ ಮೇಲೆ ಹೆದ್ದಾರಿ ಹಾಯಿಸಲು ಹೊರಟಾಗ ಅಲ್ಲಿನ ಚೀನೀ ಕುಟುಂಬಗಳು ಎದ್ದು ನಿಂತವು, ಯೋಜನೆ ಬಿದ್ದುಹೋಯಿತು. ಆದರೆ ಅದರ ಒಂದು ಚೂರು, ಜಾರ್ಜಿಯಾ ಮತ್ತು ಡನ್ಸ್‌ಮ್ಯೂರ್ ಮೇಲ್ಸೇತುವೆಗಳು, ಕಟ್ಟಿಯೇ ಕಟ್ಟಿದರು. ಅದಕ್ಕೆ ಬಲಿಯಾದದ್ದು ಹೋಗನ್ಸ್ ಆ್ಯಲಿ ಎಂಬ ಓಣಿ, ಆ ಊರಿನ ಕಪ್ಪು ಜನರ ಕೇರಿ. ಅಲ್ಲಿ ವೈಸ್ ಎಂಬ ಕೋಳಿ ಊಟದ ಹೋಟೆಲಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ಅಜ್ಜಿ ನೋರಾ ಅಡುಗೆ ಮಾಡುತ್ತಿದ್ದರು. ಆ ಮೇಲ್ಸೇತುವೆಗಳನ್ನು ಕೆಡವುವುದೆಂದು 2015ರಲ್ಲಿ ನಗರಸಭೆಯೇ ತೀರ್ಮಾನಿಸಿತು. ಚದುರಿಹೋದ ಕೇರಿಯನ್ನು ತರುವ ತೀರ್ಮಾನ ಯಾವ ಸಭೆಯಲ್ಲೂ ಆಗದು.

ಪೂರ್ವದ ಹ್ಯಾಲಿಫ್ಯಾಕ್ಸ್ ಇನ್ನೂ ಕೆಟ್ಟದ್ದನ್ನು ಕಂಡಿದೆ. ಆಫ್ರಿಕ್‌ವಿಲ್ ಎಂಬ ಕಪ್ಪು ಜನರ ಹಳ್ಳಿಯನ್ನು 1960ರ ದಶಕದಲ್ಲಿ ನಗರಾಡಳಿತ ಎಬ್ಬಿಸಿತು. ಮನೆ ಸಾಮಾನನ್ನು ಸಾಗಿಸಲು ನಗರದ ಕಸದ ಲಾರಿಗಳನ್ನು ಕಳುಹಿಸಿತು. ಊರಿನ ಚರ್ಚನ್ನು 1967ರ ಒಂದು ರಾತ್ರಿ ಕೆಡವಿತು. ಪಕ್ಕದಲ್ಲೇ 1970ರಲ್ಲಿ ಮೆಕೇ ಸೇತುವೆ ತೆರೆಯಿತು. ಅದೇ ಕಾಲದಲ್ಲಿ ಬಂದರಿನ ಅಂಚಿಗೆ ಹಾರ್ಬರ್ ಡ್ರೈವ್ ಎಂಬ ಹೆದ್ದಾರಿ ಬರಬೇಕಿತ್ತು. ಜನ ತಡೆದರು, ಹಳೆಯ ಕಲ್ಲಿನ ಉಗ್ರಾಣಗಳು ಉಳಿದವು. ಬರದೆ ಹೋದ ಆ ಹೆದ್ದಾರಿಗಾಗಿ ಮೊದಲೇ ಕಟ್ಟಿದ್ದ ಕಾಗ್ಸ್‌ವೆಲ್ ಮೇಲ್ಸೇತುವೆಯ ಜಾಲ ಅರ್ಧ ಶತಮಾನ ಊರಿನ ನಡುವೆ ಕುಳಿತಿತ್ತು. 2021ರಲ್ಲಿ ಕೆಡವಲು ತೊಡಗಿದರು.

ಕ್ಯುಬೆಕ್ ನಗರದವರದು ಪ್ರಹಸನ. ಅಲ್ಲಿ ನದಿ ದಾಟಲು ‘ಮೂರನೆಯ ಕೊಂಡಿ’ ಬೇಕೆಂಬ ಕೂಗು. ಕ್ಯುಬೆಕ್ ಪ್ರಾಂತದ ಲೆಗೋ ಸರ್ಕಾರ ವಾಹನಗಳಿಗೆ ಸುರಂಗವೆಂದಿತು, 2023ರ ಏಪ್ರಿಲ್‌ನಲ್ಲಿ ಬೇಡವೆಂದಿತು. ಅಕ್ಟೋಬರಿನಲ್ಲಿ ಒಂದು ಉಪಚುನಾವಣೆ ಸೋತಿತು, ಮತ್ತೆ ನೋಡೋಣವೆಂದಿತು. ಅಧ್ಯಯನಕ್ಕೆ ಕೊಟ್ಟ ಸಂಸ್ಥೆ 2024ರಲ್ಲಿ, ಸಂಚಾರದ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇಲ್ಲ ಎಂದು ವರದಿ ಕೊಟ್ಟಿತು. ಕೂಡಲೇ ಸರ್ಕಾರ ಆರ್ಥಿಕ ಸುರಕ್ಷತೆಯ ಹೆಸರು ಹೇಳಿ, ಕಟ್ಟಿಯೇ ಸಿದ್ಧ ಎಂದಿತು! ಅದೇ ಊರಿನಲ್ಲಿ ಹಿಂದೊಮ್ಮೆ ಬಂಡೆಯೊಳಗೆ ಹೆದ್ದಾರಿಗೆಂದು ಕೊರೆದು ಕೈಬಿಟ್ಟ ಸುರಂಗದ ಬಾಯಿಗಳಿವೆ. ನೋಡಿ ಬುದ್ಧಿ ಬರಬೇಕಿತ್ತು.

ಎಲ್ಲ ಹೆದ್ದಾರಿಯೂ ಪಾಪವೆಂದು ನಾನು ಹೇಳುತ್ತಿಲ್ಲ. ಕ್ಯಾಲ್ಗರಿಯ 101 ಕಿಲೋಮೀಟರಿನ ಸ್ಟೋನಿ ಟ್ರೇಲ್ ವರ್ತುಲ 2023ರಲ್ಲಿ ಪೂರ್ಣಗೊಂಡಿತು. ನೈರುತ್ಯದ ಭಾಗಕ್ಕಾಗಿ ತ್ಸೂಟಿನಾ ಮೂಲನಿವಾಸಿಗಳೊಂದಿಗೆ ವರ್ಷಗಟ್ಟಲೆ ಮಾತುಕತೆ ನಡೆಸಿ, 2013ರ ಒಪ್ಪಂದದಲ್ಲಿ ಹಣದ ಜೊತೆಗೆ ಅವರಿಂದ ಪಡೆದದ್ದಕ್ಕಿಂತ ಹೆಚ್ಚು ಭೂಮಿಯನ್ನು ಕೊಟ್ಟರು. ನೆಲ ಕಳೆದುಕೊಳ್ಳುವವನನ್ನು ಕೇಳಿ ರಸ್ತೆ ಮಾಡಿದರು ಎಂಬುದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ದಟ್ಟಣೆಯ ವಿಚಾರವನ್ನು ಇಪ್ಪತ್ತು ವರ್ಷ ಬಿಟ್ಟು ಮಾತನಾಡೋಣ.

ಇನ್ನು ನಿಮ್ಮನ್ನು ಸ್ವಲ್ಪ ಗದರಿಸಬೇಕು. ಮೆಟ್ರೊ ಇರುವವರು ಮಾತ್ರ ವಿರೋಧಿಸುತ್ತಾರೆ ಎಂದಿರಿ. ನಿಮಗೆ ರೈಲು ಏಕಿಲ್ಲ? 2015ರ ಅಕ್ಟೋಬರಿನಲ್ಲಿ ಪ್ರಾಂತ ಸರ್ಕಾರ ತನ್ನ ಖರ್ಚಿನಲ್ಲೇ ಬ್ರಾಂಪ್ಟನ್ನಿನ ಮೇನ್ ಸ್ಟ್ರೀಟ್ ಮೂಲಕ, ರಸ್ತೆಯ ಮೇಲೆಯೇ ಓಡುವ ಲೈಟ್ ರೈಲು ಹಾಕಿಕೊಡುತ್ತೇನೆಂದು ಬಂದಿತ್ತು. ನಿಮ್ಮ ನಗರಸಭೆ 6–5 ಮತಗಳಿಂದ ಬೇಡವೆಂದಿತು. ಕೈಗೆ ಬಂದ ತುತ್ತನ್ನು ಕೆಳಗೆ ಹಾಕಿದವರು ಟೊರಾಂಟೊ ಪೇಟೆಯವರಲ್ಲ. ಆ ರಸ್ತೆಯಲ್ಲಿ ರೈಲು ಬೇಡವೆಂದವರ ಪೈಕಿ ಅಲ್ಲೇ ಮನೆಯಿದ್ದ ಬಿಲ್ ಡೇವಿಸ್ ಅವರೂ ಇದ್ದರು ಎನ್ನುವುದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಈಗ ಅದೇ ರೈಲನ್ನು ನೆಲದಡಿಯಿಂದ ಪೇಟೆಗೆ ತರುವ ಮಾತು ನಡೆದಿದೆ. ನೆಲದಡಿ ಎಂದರೆ ಖರ್ಚು ಎಷ್ಟು ಪಟ್ಟು ಏರುತ್ತದೆಂದು ಮನೆ ಕಟ್ಟಿಸಿದ ನಿಮಗೆ ಹೇಳಬೇಕಾಗಿಲ್ಲ.

ಬೆಂಗಳೂರು ಕಲಿಯಲಿ ಎಂದಿರಲ್ಲ, ಬೇಡದ್ದನ್ನೆಲ್ಲ ಅದು ಆಗಲೇ ಕಲಿತಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರುಗಳ ಸುರಂಗ ಕೊರೆಯಲು ನಮ್ಮವರೂ ತುದಿಗಾಲಲ್ಲಿ ನಿಂತಿದ್ದಾರೆ. ಇದೇ ಊರಿನಲ್ಲಿ 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಜನ ಕೈಕೈ ಹಿಡಿದು ಸಾಲಾಗಿ ನಿಂತಿದ್ದರು; 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಆ ದಾರಿಯ ಮರಗಳ ಕೆಳಗೆ ಕಾರು ನಿಲ್ಲಿಸುವ ಮಹನೀಯರೇ ಇಂದು ನನಗೆ ಸುರಂಗದ ಲಾಭಗಳನ್ನು ವಿವರಿಸುತ್ತಾರೆ. ಎರಡೂ ದೇಶಗಳಲ್ಲಿ ರಿಬ್ಬನ್ ಕತ್ತರಿಸಲು ಹೊಸ ರಸ್ತೆ ಬೇಕು. ಇರುವ ಪಾದಚಾರಿ ಮಾರ್ಗದ ಚಪ್ಪಡಿ ಸರಿಮಾಡಿಸಿದ ಮಂತ್ರಿಯ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನಮ್ಮದರಲ್ಲೂ ಬಂದಿಲ್ಲ. ನನ್ನ ಸ್ವಾರ್ಥವನ್ನೂ ಮುಚ್ಚಿಡುವುದಿಲ್ಲ: ಬಸ್ಸು, ರೈಲುಗಳಲ್ಲಿ ಕೂರುವವರು ಪತ್ರಿಕೆ ಓದುತ್ತಾರೆ. ಕಾರಿನ ಚಕ್ರ ಹಿಡಿದವನು ಯಾರದೋ ಹರಟೆ ಕೇಳುತ್ತಾನೆ. ಪಥವೊಂದು ಹೆಚ್ಚಿದಂತೆಲ್ಲ ನನ್ನ ಚಂದಾದಾರರು ಕಡಿಮೆಯಾಗುತ್ತಾರೆ ಎಂದೇ ನನ್ನ ದೃಢವಾದ ಅನುಮಾನ.

ನಿಮಗೊಂದು ಕೆಲಸ ಹಚ್ಚುತ್ತೇನೆ. 413ರ ದಾರಿಯಲ್ಲಿ ಜಮೀನು ಹೋಗುತ್ತಿರುವ ರೈತರು ನಿಮ್ಮ ಮನೆಯಿಂದ ದೂರವಿಲ್ಲ. ಟ್ರಕ್ ಓಡಿಸುವವರಂತೂ ನಿಮ್ಮ ಬೀದಿಯಲ್ಲೇ ಇದ್ದಾರು. ಇಬ್ಬರನ್ನೂ ಮಾತನಾಡಿಸಿ ಬರೆದು ಕಳುಹಿಸಿ. ನನಗೆ ಬೈಗುಳವಿದ್ದರೂ ಒಂದಕ್ಷರ ಕತ್ತರಿಸದೆ ಹಾಕುತ್ತೇನೆ. ಎರಡು ಪುಟ ಮೀರಬೇಡಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.