ವೀಲ್‌ಚೇರ್‌ನಲ್ಲಿರುವ ಅಮ್ಮನನ್ನು ಜಪಾನ್‌ಗೆ ಕರೆದುಕೊಂಡು ಹೋಗಬಹುದಾ? ರೈಲು ಹತ್ತಿಸೋದು ಹೇಗೆ?

ಧಾರಾಳವಾಗಿ ಹೋಗಬಹುದು. ನಾನೂ ವೀಲ್‌ಚೇರ್‌ನಲ್ಲೇ ಓಡಾಡುವವನು, ತಂಗಿಯ ಜೊತೆ ಟೋಕಿಯೊ, ಕ್ಯೋಟೊ, ಹಿರೋಶಿಮಾ ಸುತ್ತಿದ್ದೇನೆ. ನೀವು ರೈಲಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ. ಆದರೆ ಅಲ್ಲಿ ಕಷ್ಟ ಕೊಡೋದು ರೈಲಲ್ಲ, ಹೋಟೆಲ್ ರೂಮಿನ ಬಾತ್‌ರೂಮು.

ಕೇಳಿದ್ದೀರಲ್ಲ, ಮೊದಲು ರೈಲಿನದೇ ಹೇಳಿಬಿಡುತ್ತೇನೆ. ಟಿಕೆಟ್ ಗೇಟಿನ ಪಕ್ಕ ಸಿಬ್ಬಂದಿ ಇರುವ ಕಿಟಕಿ ಇರುತ್ತದೆ. ಇಳಿಯುವ ಸ್ಟೇಷನ್ನಿನ ಹೆಸರು ಹೇಳಿ, ಇಲ್ಲಾ ಫೋನಿನಲ್ಲಿ ತೋರಿಸಿ, ಸಾಕು. ಒಬ್ಬರು ಮಡಚುವ ರ‍್ಯಾಂಪನ್ನು ಕಂಕುಳಲ್ಲಿ ಇರುಕಿಕೊಂಡು ನಿಮ್ಮ ಜೊತೆ ಪ್ಲಾಟ್‌ಫಾರ್ಮಿಗೆ ಬರುತ್ತಾರೆ, ರೈಲು ನಿಂತ ಕೂಡಲೇ ಬಾಗಿಲಿಗೆ ಹಾಸಿ ಹತ್ತಿಸುತ್ತಾರೆ. ಅಷ್ಟರಲ್ಲಿ ಇಳಿಯುವ ಕಡೆಗೆ ಸುದ್ದಿ ಹೋಗಿರುತ್ತದೆ, ಯಾವ ರೈಲು, ಯಾವ ಬೋಗಿ, ಯಾವ ಬಾಗಿಲು ಅಂತ. ಅಲ್ಲಿ ಬಾಗಿಲು ತೆರೆದರೆ ಎದುರಿಗೇ ಇನ್ನೊಬ್ಬರು ರ‍್ಯಾಂಪ್ ಹಿಡಿದು ನಿಂತಿರುತ್ತಾರೆ. ಇದಕ್ಕೆ ದುಡ್ಡಿಲ್ಲ. ಟಿಪ್ಸ್ ಕೊಡಲು ಹೋಗಬೇಡಿ, ತಗೊಳ್ಳುವುದಿಲ್ಲ. ಒಂದೇ ಕಿರಿಕಿರಿ ಅಂದರೆ, ಆ ಕಡೆಯವರು ರೆಡಿಯಾಗುವ ತನಕ ನಿಮ್ಮನ್ನು ಹತ್ತಿಸುವುದಿಲ್ಲ, ಕಣ್ಣೆದುರೇ ಒಂದೆರಡು ರೈಲು ಹೊರಟುಹೋಗಬಹುದು. ಟೈಮ್ ಸ್ವಲ್ಪ ಜಾಸ್ತಿನೇ ಇಟ್ಟುಕೊಳ್ಳಿ. ಬೆಳಗ್ಗೆ ಆಫೀಸಿನ ಹೊತ್ತಿಗೆ ಟೋಕಿಯೊ ರೈಲಿನ ತಂಟೆಗೇ ಹೋಗಬೇಡಿ.

ಶಿಂಕಾನ್ಸೆನ್‌ನಲ್ಲಿ, ಅಂದರೆ ಬುಲೆಟ್ ರೈಲಿನಲ್ಲಿ, ವೀಲ್‌ಚೇರ್ ಜಾಗವನ್ನು ಮುಂಚೆಯೇ ಬುಕ್ ಮಾಡಬೇಕು. ಟೋಕಿಯೊ–ಒಸಾಕಾ ಮಾರ್ಗದಲ್ಲಿ ಅದು 11ನೇ ಬೋಗಿ, ಹೊಸ ಎನ್700ಎಸ್ ರೈಲುಗಳಲ್ಲಿ 6 ಜಾಗ ಇರುತ್ತವೆ. ಕುರ್ಚಿ 120 ಸೆಂ.ಮೀ. ಉದ್ದ, 70 ಅಗಲ, 109 ಎತ್ತರದೊಳಗೆ ಇರಬೇಕು, ಮನೆಯಲ್ಲೇ ಟೇಪ್ ಹಿಡಿದು ನೋಡಿ.

ಈಗ ರೂಮಿನ ವಿಷಯ. ಅಲ್ಲಿನ ಬಿಸಿನೆಸ್ ಹೋಟೆಲ್‌ಗಳಲ್ಲಿ ಬಾತ್‌ರೂಮ್ ಅನ್ನೋದು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ತಂದು ಕೂರಿಸಿದ ಒಂದು ಡಬ್ಬಿ. ನೆಲ ರೂಮಿಗಿಂತ ಎತ್ತರ, ಬಾಗಿಲಲ್ಲೇ ಮೆಟ್ಟಿಲು, ಬಾಗಿಲೂ ಕಿರಿದು. ನಾವಿದ್ದ ಒಂದು ಕಡೆ ಕುರ್ಚಿ ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡು ಬಾತ್‌ರೂಮ್ ಬಾಗಿಲವರೆಗೂ ಹೋಗಲಿಲ್ಲ. ಎರಡು ದಿನ ಕೆಳಗಿನ ಲಾಬಿಯ ಟಾಯ್ಲೆಟ್ಟೇ ಗತಿಯಾಯಿತು, ಸ್ನಾನ ಅಂದರೆ ಒದ್ದೆ ಟವೆಲ್. ಅದಕ್ಕೇ ‘ಯೂನಿವರ್ಸಲ್ ರೂಮ್’ ಅಂತಲೇ ಕೇಳಿ, ಅಂದರೆ ವೀಲ್‌ಚೇರ್ ಓಡಾಡುವಂತೆ ಮಾಡಿದ ರೂಮು. ದೊಡ್ಡ ಹೋಟೆಲಿನಲ್ಲೂ ಒಂದೋ ಎರಡೋ ಇರುತ್ತವೆ, ಎಷ್ಟೋ ಸಲ ಬುಕಿಂಗ್ ಆ್ಯಪ್‌ಗಳಲ್ಲಿ ಕಾಣುವುದೇ ಇಲ್ಲ, ನೇರವಾಗಿ ಹೋಟೆಲಿಗೇ ಮೇಲ್ ಹಾಕಬೇಕು. 2019ರ ಸೆಪ್ಟೆಂಬರ್‌ನಿಂದ 50 ಅಥವಾ ಹೆಚ್ಚು ರೂಮಿನ ಹೊಸ ಹೋಟೆಲ್ ಕಟ್ಟಿದರೆ ನೂರಕ್ಕೆ ಒಂದರಂತೆ ಇಂಥ ರೂಮು ಇರಲೇಬೇಕು ಅನ್ನೋ ನಿಯಮ ಬಂದಿದೆ, ಹಾಗಾಗಿ ಹೊಸ ಕಟ್ಟಡ ಹುಡುಕಿದರೆ ಲಾಭ. ಬಾತ್‌ರೂಮಿನ ಫೋಟೊ ತರಿಸಿಕೊಳ್ಳಿ, ಬಾಗಿಲಿನ ಅಗಲವನ್ನು ಸೆಂ.ಮೀ.ನಲ್ಲೇ ಕೇಳಿ. ‘ನೋ ಪ್ರಾಬ್ಲಮ್’ ಅನ್ನೋ ಉತ್ತರ ನಂಬಬೇಡಿ.

ಹೊರಗೆ ಟಾಯ್ಲೆಟ್ ಚಿಂತೆ ಇಲ್ಲ. ಸ್ಟೇಷನ್, ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲೆಲ್ಲ ಕುರ್ಚಿ ತಿರುಗಿಸುವಷ್ಟು ದೊಡ್ಡದು, ಹಿಡಿಕೆ ಇರುವಂಥದ್ದು ಸಿಗುತ್ತದೆ. ನಮ್ಮೂರಲ್ಲಿ ಹೊರಗೆ ಹೊರಟರೆ ನೀರು ಕುಡಿಯೋಕೇ ಹೆದರುತ್ತೇವಲ್ವಾ, ಅಲ್ಲಿ ಆ ಭಯ ಬಿಟ್ಟೆ. ಊಟದ ಗೋಳು ಬೇರೆ. ಗಲ್ಲಿಯ ಚಿಕ್ಕ ಅಂಗಡಿಗಳಲ್ಲಿ ಮೆಟ್ಟಿಲು, ಎತ್ತರದ ಸ್ಟೂಲು. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಮೇಲಿನ ಮಹಡಿಗೆ ಹೋದರೆ ಸಲೀಸು. ಸಸ್ಯಾಹಾರಿಗಳಾದರೆ ಸಾರಿನಲ್ಲೂ ಮೀನಿರುತ್ತದೆ, ವಿಚಾರಿಸಿಯೇ ತಿನ್ನಿ.

ದೇವಸ್ಥಾನಗಳಲ್ಲಿ, ಟೋಕಿಯೊ ಅಸಾಕುಸಾದ ಸೆನ್ಸೋಜಿಗೆ ಲಿಫ್ಟ್ ಇದೆ, ಒಳಗೇ ಹೋಗಿ ಕೈ ಮುಗಿಯಬಹುದು. ಕ್ಯೋಟೊದ ಕಿಂಕಾಕುಜಿಯಲ್ಲಿ ಕೆರೆಯಾಚೆಯ ಚಿನ್ನದ ಮಂಟಪ ಚೆನ್ನಾಗಿ ಕಾಣುತ್ತದೆ, ಮುಂದೆ ಮೆಟ್ಟಿಲು, ಬಂದ ದಾರಿಯಲ್ಲೇ ವಾಪಸ್ ಬರಬೇಕು. ಕ್ಯೋಟೊದಲ್ಲೇ ಇರುವ ಬೆಟ್ಟದ ಗುಡಿ ಫುಶಿಮಿ ಇನಾರಿಯಲ್ಲಿ ಕೆಳಭಾಗಕ್ಕೆ ಮಾತ್ರ ಹೋಗಬಹುದು. ಹಿರೋಶಿಮಾ ಹತ್ತಿರದ ದ್ವೀಪ ಮಿಯಾಜಿಮಾ ಮಾತ್ರ ಬಿಡಬೇಡಿ, ದೋಣಿಗೂ ಕುರ್ಚಿಯಲ್ಲೇ ಹತ್ತಬಹುದು, ನೀರಿನ ಮೇಲಿನ ಗುಡಿಯೊಳಗೂ ಹೋಗಬಹುದು.

ಕುರ್ಚಿ ತಳ್ಳುತ್ತಾ ಸೂಟ್‌ಕೇಸ್ ಎಳೆಯೋದು ಆಗದ ಮಾತು. ಹೋಟೆಲ್ ಕೌಂಟರಿನಲ್ಲಿ ‘ತಕ್ಯೂಬಿನ್’ ಅನ್ನಿ, ಅದು ಲಗೇಜು ಸಾಗಿಸುವ ಕೊರಿಯರ್, ಟೋಕಿಯೊದಲ್ಲಿ ಕೊಟ್ಟಿದ್ದು ಸಾಮಾನ್ಯವಾಗಿ ಮರುದಿನ ಕ್ಯೋಟೊ ಹೋಟೆಲಿಗೆ ಬಂದಿರುತ್ತದೆ. ಬ್ಯಾಟರಿ ಕುರ್ಚಿಯಾದರೆ ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡಿ, ಅಲ್ಲಿ ಕರೆಂಟು 100 ವೋಲ್ಟ್, ಪ್ಲಗ್ ಎರಡು ಚಪ್ಪಟೆ ಕಡ್ಡಿಯದ್ದು. ಬ್ಯಾಟರಿ ಯಾವ ತರದ್ದು ಅಂತ ವಿಮಾನದವರಿಗೆ ಟಿಕೆಟ್ ಮಾಡುವಾಗಲೇ ತಿಳಿಸಿ.

ಅಮ್ಮ ಎದ್ದು ನಾಲ್ಕು ಹೆಜ್ಜೆ ಇಡಬಲ್ಲರಾ ಅಂತ ನೀವು ಬರೆದಿಲ್ಲ. ಇಡಬಲ್ಲರು ಅಂದರೆ ರೂಮಿನ ಆಯ್ಕೆ ತುಂಬ ಸುಲಭ. ತಿಳಿಸಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಮೇಲ್ ಮಾಡಿಕೊಡುತ್ತೇನೆ.