ಸಂಜೆಯಾದರೆ ‘ಮನೆಗೆ ಹೋಗೋಣ’ ಎನ್ನುವ ಅತ್ತೆ

ಜುಲೈ ತಿಂಗಳ ಒಂದು ಬೆಳಿಗ್ಗೆ. ಹೊಸನಗರದ ಕಡೆಯ ಹಳ್ಳಿಯೊಂದರಿಂದ ಮೊದಲ ಬಸ್ಸು ಹಿಡಿದು ಅವರು ಶಿವಮೊಗ್ಗಕ್ಕೆ, ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದರು. ಮಳೆಗೆ ಸೀರೆಯ ಅಂಚೆಲ್ಲ ಒದ್ದೆ. ಕೂತವರೇ ಹೇಳಿದರು: “ಊರಿಗೆಲ್ಲ ನಾನು ಒಳ್ಳೆಯವಳು. ಮನೆಯೊಳಗೆ ರಾಕ್ಷಸಿ ಆಗಿದ್ದೀನಿ.”

ಅವರನ್ನು ಇಲ್ಲಿ ಸುಜಾತ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ವಯಸ್ಸು 48. ಸ್ವಲ್ಪ ಅಡಿಕೆ ತೋಟ, ಎರಡು ಹಸು. ಮಗಳು ಬೆಂಗಳೂರಿನಲ್ಲಿ. ಅತ್ತೆಗೆ 80ರ ಹತ್ತಿರ. ಮೂರು ವರ್ಷದಿಂದ ಮರೆವಿನ ಕಾಯಿಲೆ, ಡಾಕ್ಟರು ಡಿಮೆನ್ಷಿಯಾ ಎಂದಿದ್ದಾರೆ. ಊರಲ್ಲಿ ಯಾರ ಮನೆಯಲ್ಲಿ ಬಾಣಂತನ ಇದ್ದರೂ, ಯಾರಿಗೆ ಜ್ವರ ಬಂದರೂ ಮೊದಲು ಹೋಗುವವರು ಸುಜಾತ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಜಗುಲಿಗೆ ಬಂದು ನಿಲ್ಲುತ್ತಾರೆ. “ಕತ್ತಲಾಯ್ತು, ಮನೆಗೆ ಹೋಗೋಣ.” ಅವರು ಹೇಳುವುದು ತವರುಮನೆ. ಅದು ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮನೆ, ಗದ್ದೆ, ತೋಟ ಬಿಟ್ಟು ಎದ್ದು ಬಂದವರನ್ನು ನಮ್ಮ ಕಡೆ ಇವತ್ತಿಗೂ ‘ಮುಳುಗಡೆಯವರು’ ಎನ್ನುತ್ತಾರೆ.

ಮೊದಮೊದಲು ಸುಜಾತ ಸಮಾಧಾನದಿಂದಲೇ ಹೇಳುತ್ತಿದ್ದರು: “ಆ ಮನೆ ಮುಳುಗಿ ಎಷ್ಟು ವರ್ಷ ಆಯ್ತು ಅತ್ತೆ.” ಅತ್ತೆ ಈಗಷ್ಟೇ ಸುದ್ದಿ ತಿಳಿದವರ ಹಾಗೆ ಅಳುತ್ತಿದ್ದರು. ಹತ್ತು ನಿಮಿಷಕ್ಕೆ ಮತ್ತೆ, “ಮನೆಗೆ ಹೋಗೋಣ.” ಒಂದು ಸಂಜೆ ಜಡಿಮಳೆ, ಕರೆಂಟ್ ಇಲ್ಲ. ಅತ್ತೆ ಅಂಗಳಕ್ಕೆ ಇಳಿದೇ ಬಿಟ್ಟರು. ಸುಜಾತ ತೋಳು ಹಿಡಿದು ಎಳೆದು ತಂದು ಕೂರಿಸಿದರು. ಬೆಳಿಗ್ಗೆ ನೋಡಿದರೆ ಆ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು.

ಅದನ್ನು ಹೇಳುವಾಗ ಅವರು ತಮ್ಮ ಕೈಯನ್ನೇ ನೋಡುತ್ತಿದ್ದರು. “ಹೋಗಲಿ ಬಿಡಿ” ಎಂದು ನಾನು ಹೇಳಲಿಲ್ಲ. ನೋವು ಆಗಿದೆ, ಅದು ಮತ್ತೆ ಆಗಬಾರದು. ಹಾಗೆಂದು ಬುದ್ಧಿಯನ್ನೂ ಹೇಳಲಿಲ್ಲ. ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ ಎಂದು ಕೇಳಿದೆ. ಅತ್ತೆ ಎದ್ದಾಗಲೆಲ್ಲ ಏಳಬೇಕು, ಒಂದೇ ಸಮನೆ ಎರಡು ಗಂಟೆ ಮಲಗಿದ್ದೇ ನೆನಪಿಲ್ಲ ಎಂದರು. ‘ತಾಳ್ಮೆ ಇಟ್ಟುಕೊಳ್ಳಿ’ ಎಂಬ ಮಾತನ್ನು ನಾನು ಆರೈಕೆ ಮಾಡುವವರಿಗೆ ಹೇಳುವುದು ಬಿಟ್ಟು ಬಹಳ ಕಾಲವಾಯಿತು. ನಿದ್ದೆಗೆಟ್ಟ ಮೈಯಲ್ಲಿ ತಾಳ್ಮೆ ಎಲ್ಲಿಂದ ಬರಬೇಕು?

ಮೊದಲ ಕೆಲಸ ಡಾಕ್ಟರದ್ದು. ವಯಸ್ಸಾದವರಲ್ಲಿ ಗೊಂದಲ ಒಮ್ಮೆಲೇ ಜಾಸ್ತಿಯಾದರೆ ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ಇರುವ ನೋವು, ಇವನ್ನೆಲ್ಲ ನೋಡಬೇಕು. ಅತ್ತೆಗೆ ಸೋಂಕು ಇತ್ತು. ಔಷಧಿ ಆದ ಮೇಲೆ ರಾತ್ರಿಗಳು ಸ್ವಲ್ಪ ಸುಧಾರಿಸಿದವು.

ಎರಡನೆಯದು, ಸಂಜೆಯ ಆ ಮಾತು. ಈ ಕಾಯಿಲೆಯಲ್ಲಿ ಹೊಸ ನೆನಪು ನಿಲ್ಲುವುದಿಲ್ಲ, ಹಳೆಯದು ಬಹಳ ಕಾಲ ಉಳಿಯುತ್ತದೆ. ನೀವು ಕೊಟ್ಟ ಉತ್ತರ ಮರೆತು ಹೋಗುತ್ತದೆ, ಅದು ಕೊಟ್ಟ ಸಂಕಟ ಉಳಿಯುತ್ತದೆ. ಸಂಜೆ ಬೆಳಕು ಇಳಿದಂತೆ ದಿಗಿಲು ಹೆಚ್ಚುವುದೂ ಇದರಲ್ಲಿ ಸಾಮಾನ್ಯ. ಹಾಗಾಗಿ ಐದು ಗಂಟೆಗೇ ದೀಪ ಹಾಕಿ ಎಂದೆ. ‘ಮನೆ ಮುಳುಗಿದೆ’ ಎನ್ನಬೇಡಿ. ಆ ಮನೆಯ ಬಗ್ಗೆ ಕೇಳಿ.

“ಅದು ಸುಳ್ಳು ಹೇಳಿದ ಹಾಗಲ್ವಾ?” ಎಂದರು ಸುಜಾತ. ನ್ಯಾಯವಾದ ಪ್ರಶ್ನೆ. ಮನೆ ಇದೆ ಎಂದು ನೀವು ಹೇಳಬೇಕಿಲ್ಲ, ಅಂಗಳದಲ್ಲಿ ಯಾವ ಮರ ಇತ್ತು ಎಂದು ಕೇಳಿದರೆ ಸುಳ್ಳೇನೂ ಆಗುವುದಿಲ್ಲ ಎಂದೆ.

ಇನ್ನೊಂದು ಮಾತನ್ನು ಅವರು ತಡವಾಗಿ ಹೇಳಿದರು. “ಅವರು ಅತ್ತರೆ ನಂಗೂ ಹೊಟ್ಟೆಯೊಳಗೆ ಸಂಕಟ. ಆ ಸಂಕಟಕ್ಕೇ ಸಿಟ್ಟು ಬರೋದು.” ಇದು ಅವರೊಬ್ಬರ ಅನುಭವವಲ್ಲ. ಮಿದುಳು-ಮನಸ್ಸಿನ ಸಂಶೋಧಕರಾದ ಓಲ್ಗಾ ಕ್ಲಿಮೆಕಿ, ತಾನಿಯಾ ಸಿಂಗರ್ ಮತ್ತು ಜೊತೆಗಾರರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬೇರೆಯವರ ನೋವನ್ನು ತಮ್ಮದೇ ಎಂಬಂತೆ ಅನುಭವಿಸುವ ತರಬೇತಿ ಪಡೆದವರು ಮೊದಲಿಗಿಂತ ಹೆಚ್ಚು ಕುಗ್ಗಿದರು. ಅದೇ ಜನಕ್ಕೆ ಆಮೇಲೆ ‘ಇವರಿಗೆ ಒಳ್ಳೆಯದಾಗಲಿ’ ಎಂದು ಹಾರೈಸುವ ಅಭ್ಯಾಸ ಕೊಟ್ಟಾಗ ಮನಸ್ಸು ಚೇತರಿಸಿಕೊಂಡಿತು. ಸುಜಾತರಿಗೆ ನಾನು ಕೊಟ್ಟ ಅಭ್ಯಾಸ ತೀರಾ ಸಣ್ಣದು. ಅತ್ತೆಯನ್ನು ಮುಟ್ಟುವ ಮೊದಲು ಬಾಗಿಲ ಕಂಬಕ್ಕೆ ಒಂದು ಕೈ. ಒಂದು ಉದ್ದ ಉಸಿರು. ಮನಸ್ಸಿನಲ್ಲಿ ‘ಈ ಸಂಜೆ ಇವರಿಗೆ ಹಗುರಾಗಲಿ, ನನಗೂ ಹಗುರಾಗಲಿ.’ ಆ ‘ನನಗೂ’ ಎಂಬುದನ್ನು ಅವರು ಎರಡು ಸಲ ಬಿಟ್ಟು ಹೇಳಿದರು. ಮತ್ತೆ ಸೇರಿಸಿ ಹೇಳಿಸಿದೆ.

ಕಷ್ಟವಾಗಿದ್ದು ಇದ್ಯಾವುದೂ ಅಲ್ಲ. ಸಹಾಯ ಕೇಳುವುದು. “ನಮ್ಮನೆ ಅತ್ತೇನ ನೋಡ್ಕೊಳ್ಳಿ ಅಂತ ಯಾರ ಹತ್ರ ಕೇಳಲಿ?” ಆಗ ನಾನು ಮುಯ್ಯಾಳಿನ ಬಗ್ಗೆ ಕೇಳಿದೆ. ನಾಟಿ ಹೊತ್ತಿನಲ್ಲಿ, ಅಡಿಕೆ ಸುಲಿಯುವಾಗ ನಿಮ್ಮ ಮನೆಗೆ ಅವರು, ಅವರ ಮನೆಗೆ ನೀವು, ಹಾಗೆ ಹೋಗುತ್ತೀರಲ್ಲ, ಅದಕ್ಕೆ ನಾಚಿಕೆ ಇದೆಯಾ? ಇಲ್ಲ ಎಂದರು. ಇಷ್ಟು ವರ್ಷ ಎಲ್ಲರ ಮನೆಗೂ ಹೋಗಿದ್ದೀರಿ, ನಿಮ್ಮ ಮನೆಗೆ ಬರಬೇಕಾದ ಮುಯ್ಯಿ ಎಷ್ಟು ಬಾಕಿ ಇದೆ? ಸುಜಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತರು. ನಾನೂ ಸುಮ್ನೆ ಕೂತೆ.

ವಾರಕ್ಕೆ ಎರಡು ಮಧ್ಯಾಹ್ನ ಪಕ್ಕದ ಮನೆಯಾಕೆ ಬರುವುದು, ಎರಡು ರಾತ್ರಿ ಗಂಡ ಅತ್ತೆಯ ಕೋಣೆಯಲ್ಲಿ ಮಲಗುವುದು ಎಂದು ಗೊತ್ತುಮಾಡಿಕೊಂಡೆವು. ಗಂಡನನ್ನು ಒಂದು ಸಲ ಕರೆಸಿ ಮಾತಾಡಿದೆ. “ಗಂಡಸಾಗಿ ಅಮ್ಮನ ಚಾಕರಿ ಹೇಗೆ” ಎಂಬ ಸಂಕೋಚ ಅವರದ್ದು. ತುಂಬಾ ಸಿಟ್ಟು ಬಂದ ದಿನ ಅತ್ತೆಯನ್ನು ಜೋಪಾನವಾಗಿ ಕೂರಿಸಿ ಆಚೆ ಕೋಣೆಗೆ ಹೋಗಬೇಕು, ಬೇಕಾದರೆ 14416ಕ್ಕೆ ಫೋನ್ ಮಾಡಬೇಕು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಸೆಪ್ಟೆಂಬರಿನಲ್ಲಿ ಬಂದಾಗ ಹೇಳಿದರು, ಆ ತವರುಮನೆ ಅಂಗಳದಲ್ಲಿ ಒಂದು ಬಕ್ಕೆ ಹಲಸಿನ ಮರ ಇತ್ತಂತೆ. ಮದುವೆಯಾಗಿ 25 ವರ್ಷದಲ್ಲಿ ಅವರಿಗೆ ಅದು ಗೊತ್ತೇ ಇರಲಿಲ್ಲ. ಆ ವಾರ ಎರಡು ಸಲ ಕೂಗಾಡಿದ್ದೂ ಉಂಟು. ಕೈ ಮಾಡಿಲ್ಲ.

ನವೆಂಬರಿನ ಭೇಟಿಗೆ ಅವರು ಬರಲಿಲ್ಲ. ಬೆಳಿಗ್ಗೆಯೇ ಫೋನ್ ಬಂತು. ಪಕ್ಕದ ಮನೆಯಲ್ಲಿ ಅಡಿಕೆ ಕೊನೆ ಇಳಿಸಿದ್ದಾರೆ, ಇವತ್ತು ಸುಲಿಯುವುದಕ್ಕೆ ಹೋಗಲೇಬೇಕು, ಮುಯ್ಯಿ ಎಂದರು. ಅತ್ತೆ ಜೊತೆ ಯಾರಿದ್ದಾರೆ ಎಂದು ಕೇಳಿದೆ.

“ಅವ್ರ ಮಗ. ತಲೆ ಬಾಚ್ತಿದ್ದಾರೆ.”